ಆ ದೃಶ್ಯ ಎಷ್ಟನೇ ನಿಮಿಷದಲ್ಲಿದೆ ಅಂತ ನಾನು ಹೇಳಲ್ಲ

ಯುದ್ಧದ ಸಿನಿಮಾದಲ್ಲಿ ಉಸಿರು ಬಿಗಿಹಿಡಿದು ನೋಡುವಂಥ ಒಂದು ದೃಶ್ಯ ಹೇಳಿ, ಪೂರ್ತಿ ನೋಡಲು ಟೈಮಿಲ್ಲ, ಎಷ್ಟನೇ ನಿಮಿಷ ಅಂತ ತಿಳಿಸಿದರೆ ಸಾಕು ಎಂದಿದ್ದೀರಿ. ಅಯ್ಯೋ, ಇದೇ ಕೆಲಸ ನಾನೂ ಮಾಡಿದ್ದೆ.

ನಮ್ಮ ಮಾಮ ಸರಕು ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡುತ್ತಾರೆ. ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ಊಟಕ್ಕೆ ಬಂದಿದ್ದರು. ಅವರಿಗೆ ಹಿಡಿಸುತ್ತದೆ ಅಂತ 'ದಾಸ್ ಬೋಟ್' ಹಾಕಿದೆ. ವೋಲ್ಫ್‌ಗಾಂಗ್ ಪೀಟರ್ಸನ್ ಮಾಡಿದ 1981ರ ಜರ್ಮನ್ ಸಿನಿಮಾ. ಎರಡನೇ ಮಹಾಯುದ್ಧದ ಒಂದು ಸಬ್‌ಮರೀನಿನ ಕಥೆ. ಅದರಲ್ಲಿ ಜಿಬ್ರಾಲ್ಟರ್ (ಸ್ಪೇನ್ ಮತ್ತು ಆಫ್ರಿಕಾದ ನಡುವಿನ ಕಿರಿದಾದ ಜಲಸಂಧಿ) ದಾಟುವ ದೃಶ್ಯವನ್ನು ಎಲ್ಲರೂ ಹೊಗಳುತ್ತಿದ್ದರು. ರಿಮೋಟ್ ನನ್ನ ಕೈಯಲ್ಲಿತ್ತು. ಸೀದಾ ಅಲ್ಲಿಗೇ ಓಡಿಸಿದೆ.

ರಾತ್ರಿ ಜಲಸಂಧಿ ದಾಟುವಾಗ ವಿಮಾನ ದಾಳಿ ಮಾಡುತ್ತದೆ. ಬೋಟು, ಅಂದರೆ ಆ ಸಬ್‌ಮರೀನು, ನೀರೊಳಗೆ ಇಳಿಯುತ್ತದೆ, ಆದರೆ ಆ ಇಳಿತ ನಿಲ್ಲಿಸಲು ಆಗುವುದಿಲ್ಲ. ಆಳ ತೋರಿಸುವ ಮುಳ್ಳು ಸರಿಯುತ್ತಲೇ ಇರುತ್ತದೆ. ಬೋಲ್ಟುಗಳು ಗುಂಡಿನ ಹಾಗೆ ಸಿಡಿಯುತ್ತವೆ. ಕೊನೆಗೆ 280 ಮೀಟರಿನಲ್ಲಿ ನೆಲ ಸಿಗುತ್ತದೆ. ಅಲ್ಲಿ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 28 ಕೆಜಿ ಭಾರ. ಉಗುರಿನಷ್ಟು ಜಾಗದ ಮೇಲೆ ಅರ್ಧ ಮೂಟೆ ಸಿಮೆಂಟ್ ಇಟ್ಟ ಹಾಗೆ!

ಮಾಮ ಸ್ವಲ್ಪ ಹೊತ್ತು ನೋಡಿ "ಇವರೆಲ್ಲ ಯಾರೇ?" ಅಂದರು. ನನಗೂ ಗೊತ್ತಿರಲಿಲ್ಲ. "ಬೆಳಿಗ್ಗೆ ಬೇಗ ಏಳಬೇಕು" ಎಂದು ಎದ್ದುಹೋದರು. ಆಮೇಲೆ ಒಂಬತ್ತು ತಿಂಗಳು ಹಡಗಿನಲ್ಲೇ.

ತಪ್ಪೇನು ಅಂತ ಆಮೇಲೆ ಒಬ್ಬಳೇ ಕೂತು ಪೂರ್ತಿ ನೋಡಿದಾಗ ತಿಳಿಯಿತು. (ಸ್ವಲ್ಪ ಕಥೆ ಬಿಟ್ಟುಕೊಡುತ್ತಿದ್ದೇನೆ, ಬೇಡವಾದರೆ ಈ ಪ್ಯಾರಾ ಬಿಡಿ.) ಬೋಟಿನಲ್ಲಿ ಯೋಹಾನ್ ಅಂತ ಒಬ್ಬ ಮೆಕ್ಯಾನಿಕ್. ಇಂಜಿನ್ ಅಂದರೆ ಪ್ರಾಣ. ಮೊದಲೊಂದು ಡೆಪ್ತ್ ಚಾರ್ಜ್ (ನೀರಿನಡಿ ಸಿಡಿಯುವ ಬಾಂಬು) ದಾಳಿಯಲ್ಲಿ ಅವನೇ ತಲೆ ಕೆಟ್ಟವನಂತೆ ಜಾಗ ಬಿಟ್ಟು ಬರುತ್ತಾನೆ. ಕ್ಯಾಪ್ಟನ್ ಪಿಸ್ತೂಲು ತರಲು ಹೋಗುತ್ತಾನೆ. ಇದನ್ನು ನೋಡಿದ್ದರೆ ಮಾತ್ರ, ಸಮುದ್ರದ ತಳದಲ್ಲಿ ಅದೇ ಯೋಹಾನ್ ಸೋರಿಕೆ ನಿಲ್ಲಿಸಲು ಹೆಣಗುವಾಗ ನಮ್ಮ ಅಂಗೈ ಬೆವರುತ್ತದೆ. ನಾನು ಅದನ್ನು ಹಾರಿಸಿದ್ದೆ. ನಮಗೆ ಕಂಡವನು ಯಾರೋ ಒಬ್ಬ ಒದ್ದೆ ಮನುಷ್ಯ, ಅಷ್ಟೇ. ಶತ್ರು ಹಡಗು ಸದ್ದು ಕಳಿಸಿ ಸಬ್‌ಮರೀನನ್ನು ಹುಡುಕುವ ಸೋನಾರಿನ 'ಪಿಂಗ್' ಕೂಡ ಹಾಗೇ. ಆ ಸದ್ದಿಗೆ ಎಲ್ಲರೂ ಮೇಲೆ ನೋಡುತ್ತ ಕಲ್ಲಾಗುತ್ತಾರೆ. ಅದು ಹತ್ತಿರವಾದಷ್ಟೂ ಸಾವು ಹತ್ತಿರ ಅಂತ ಮೊದಲೇ ಅನುಭವಿಸಿ ಬಂದಿರಬೇಕು. ಇಲ್ಲದಿದ್ದರೆ ಅದು ಬರೀ ಲಿಫ್ಟಿನ ಗಂಟೆ. ಬೇಸರ, ಬಿರುಗಾಳಿ, ದಿನದಿನಕ್ಕೆ ಬೆಳೆಯುವ ಗಡ್ಡ, ನಾನು 'ಬೋರು' ಅಂತ ಓಡಿಸಿದ್ದೆಲ್ಲ ಈ ದೃಶ್ಯದ್ದೇ ಭಾಗ.

ಹಾಗಾಗಿ 'ಒಂದು ದೃಶ್ಯ ಸಾಕು' ಅನ್ನುವುದನ್ನೇ ನಾನು ಒಪ್ಪಲ್ಲ. ನಿರ್ದೇಶಕರೇ ಮತ್ತೆ ಸಂಕಲನ ಮಾಡಿದ 1997ರ ಮೂರೂವರೆ ಗಂಟೆಯ ಆವೃತ್ತಿಯನ್ನೇ ನೋಡಿ. ಜರ್ಮನ್ ಮಾತೇ ಇರಲಿ, ಸಬ್‌ಟೈಟಲ್ ಹಾಕಿಕೊಳ್ಳಿ. ಹೆಡ್‌ಫೋನ್ ಬೇಕೇ ಬೇಕು. ಒಂದೇ ಸಲಕ್ಕೆ ಆಗದಿದ್ದರೆ ಎರಡು ರಾತ್ರಿ ಮಾಡಿ, ಹಾರಿಸಬೇಡಿ.

ಮೊನ್ನೆ ಮಾಮನಿಗೆ ಮತ್ತೆ ನೋಡೋಣ ಅಂತ ವಾಟ್ಸಾಪ್ ಮಾಡಿದೆ. "ರಿಮೋಟ್ ನನ್ನ ಕೈಗೆ ಕೊಡ್ತೀಯಾ?" ಅಂತ ಕೇಳಿದ್ದಾರೆ.