ಪೆರುವಿಗೆ ಮೂರು ವಾರ: ಮೊದಲು ಎತ್ತರ ನೋಡಿ, ಆಮೇಲೆ ಟಿಕೆಟ್ ಮಾಡಿ

ನಿಮ್ಮ ಪ್ರಶ್ನೆ ಓದಿದೆ. ಜೂನ್‌ನಲ್ಲಿ ಮೂರು ವಾರ ರಜೆ. ನೀವು ಮತ್ತು ನಿಮ್ಮ ಗೆಳೆಯ, ಇಬ್ಬರೂ ಸಸ್ಯಾಹಾರಿಗಳು. ಕುಮಾರಪರ್ವತ ಎರಡು ಸಲ ಹತ್ತಿದ್ದೀರಿ. ಲಿಮಾದಲ್ಲಿ ಇಳಿದ ಮಾರನೇ ದಿನ ಕುಸ್ಕೋ, ಅದರ ಮಾರನೇ ದಿನ ರೇನ್‌ಬೋ ಮೌಂಟನ್, ಆಮೇಲೆ ಇಂಕಾಗಳ ಹಳೇ ಕಲ್ಲಿನ ಊರು ಮಾಚು ಪಿಚು, ಟಿಟಿಕಾಕಾ ಸರೋವರ, ಕೋಲ್ಕಾ ಕಣಿವೆ, ಹುವಾರಾಜ್, ಕೊನೆಗೆ ಅಮೆಜಾನ್ ಕಾಡು. ಇದೆಲ್ಲಾ ಆಗುತ್ತಾ ಅಂತ ಕೇಳಿದ್ದೀರಿ.

ಆಗಲ್ಲ. ಕ್ಯಾಲೆಂಡರ್ ಮುಂದೆ ಇಟ್ಟುಕೊಂಡು ಕೂತರೆ ಆಗುತ್ತೆ ಅಂತಲೇ ಕಾಣಿಸುತ್ತದೆ. ನಾವೂ ಹಾಗೇ ಅಂದುಕೊಂಡಿದ್ದೆವು.

ನಾನು, ನನ್ನ ತಂಗಿ ಎರಡು ವರ್ಷದ ಹಿಂದೆ ಹೋಗಿದ್ದೆವು. ಏಜೆಂಟ್ ಒಬ್ಬರು ಮಾಡಿಕೊಟ್ಟ ಪ್ಲಾನ್ ಹೆಚ್ಚುಕಮ್ಮಿ ನಿಮ್ಮದರ ಹಾಗೇ ಇತ್ತು. ಬೆಳಿಗ್ಗೆ ಲಿಮಾದಲ್ಲಿ ವಿಮಾನ ಹತ್ತಿದೆವು, ಒಂದೂಕಾಲು ಗಂಟೆಗೆ ಕುಸ್ಕೋ. ಲಿಮಾ ಇರುವುದು ಸಮುದ್ರದ ದಡದಲ್ಲಿ, ಕುಸ್ಕೋ ಇರುವುದು 3,400 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅದರ ತಲೆ ಮೇಲೆ ಇನ್ನೊಂದು ಮುಕ್ಕಾಲು ಮುಳ್ಳಯ್ಯನಗಿರಿ ಕೂರಿಸಿದರೆ ಕುಸ್ಕೋದ ಬಸ್ ಸ್ಟ್ಯಾಂಡ್ ಬರುತ್ತದೆ. ಮಧ್ಯಾಹ್ನ ಚೆನ್ನಾಗೇ ಇದ್ದೆವು. ಸಾನ್ ಬ್ಲಾಸ್ ಬೀದಿಯ ಮೆಟ್ಟಿಲು ಹತ್ತಿದೆವು, ಫೋಟೋ ತೆಗೆದೆವು, ರಾತ್ರಿ ಹೊಟ್ಟೆ ತುಂಬಾ ಪಿಜ್ಜಾ ತಿಂದೆವು. ಹತ್ತು ಗಂಟೆಗೆ ತಂಗಿ ಬಾತ್‌ರೂಮಿನ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತಲೆ ಸಿಡಿಯುತ್ತಿದೆ, ವಾಂತಿ ನಿಲ್ಲುತ್ತಿಲ್ಲ. ಮಾತ್ರೆ ಹುಡುಕೋಣ ಅಂತ ನಾನು ಸೂಟ್‌ಕೇಸ್ ತೆಗೆದೆ. ಅಮ್ಮ ಕೊಟ್ಟಿದ್ದ ಚಟ್ನಿಪುಡಿ ಪ್ಯಾಕೆಟ್ ಉಬ್ಬಿ ಬಲೂನಿನ ಹಾಗೆ ಆಗಿತ್ತು. ಹೊರಗೆ ಗಾಳಿಯ ಒತ್ತಡ ಕಡಿಮೆ, ಒಳಗಿನ ಗಾಳಿ ಬೆಂಗಳೂರಿನದು. ಹಿಡಿದು ಸ್ವಲ್ಪ ಒತ್ತಿದೆ ಅಷ್ಟೇ, ಟಪ್ ಅಂತ ಒಡೆದು ಬಿಳೀ ಹಾಸಿಗೆ ತುಂಬಾ ಕೆಂಪು ಪುಡಿ. ಆ ಸ್ಥಿತಿಯಲ್ಲೂ ತಂಗಿ ನಕ್ಕಳು, ನಕ್ಕಿದ್ದಕ್ಕೆ ತಲೆನೋವು ಇನ್ನೂ ಜಾಸ್ತಿ ಆಯ್ತು.

ಮಾರನೇ ಬೆಳಗಿನ ಜಾವ ಮೂರು ಗಂಟೆಗೆ ರೇನ್‌ಬೋ ಮೌಂಟನ್‌ಗೆ ಹೊರಡಬೇಕಿತ್ತು. ಅದು 5,000 ಮೀಟರ್ ದಾಟುತ್ತದೆ. ಹೋಗಲಿಲ್ಲ, ಕೊಟ್ಟ ದುಡ್ಡು ಹೋಯಿತು. ಎರಡು ದಿನ ಕೋಣೆಯಲ್ಲೇ ಮಲಗಿದ್ದೆವು.

ಎತ್ತರಕ್ಕೆ ಒಮ್ಮೆಲೇ ಹೋದಾಗ ಬರುವ ಈ ಕಾಯಿಲೆಗೆ ಅಲ್ಲಿಯವರು ಸೊರೊಚೆ ಅನ್ನುತ್ತಾರೆ. ಇದಕ್ಕೂ ನಿಮ್ಮ ಫಿಟ್‌ನೆಸ್‌ಗೂ ಸಂಬಂಧ ಕಡಿಮೆ. ಮ್ಯಾರಥಾನ್ ಓಡುವವರಿಗೂ ಬರುತ್ತದೆ, ಬೊಜ್ಜು ಹೊಟ್ಟೆಯವರು ಆರಾಮಾಗಿ ತಿರುಗುತ್ತಾರೆ. ಕುಮಾರಪರ್ವತ 1,712 ಮೀಟರ್. ಅದು ಕಾಲಿಗೆ, ದಮ್ಮಿಗೆ ಒಳ್ಳೇ ಅಭ್ಯಾಸ, ಆದರೆ ಎತ್ತರಕ್ಕೆ ಅಭ್ಯಾಸ ಅಲ್ಲ. ಹಗಲು ಎಷ್ಟು ಮೇಲೆ ಹೋದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅಂತ ಡಾಕ್ಟರುಗಳು ಹೇಳುತ್ತಾರೆ. ಡಯಮಾಕ್ಸ್ ಮಾತ್ರೆ ಸಹಾಯ ಮಾಡುತ್ತದೆ, ಆದರೆ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿಯೇ ತಗೊಳ್ಳಿ, ಸಲ್ಫಾ ಅಲರ್ಜಿ ಇದ್ದರಂತೂ ಕೇಳಲೇಬೇಕು. ಈ ಮಾತ್ರೆ ತಗೊಂಡರೆ ಬೆರಳ ತುದಿ ಜುಮ್ ಅನ್ನುತ್ತದೆ, ಗಾಬರಿ ಆಗಬೇಡಿ.

ಹಾಗಾದರೆ ಏನು ಮಾಡಬೇಕು? ಊರುಗಳ ಪಟ್ಟಿ ಪಕ್ಕಕ್ಕೆ ಇಡಿ. ಪ್ರತಿ ಊರಿನ ಮುಂದೆ ಅದರ ಎತ್ತರ ಬರೆಯಿರಿ. ಲಿಮಾ ಸೊನ್ನೆ ಅಂದುಕೊಳ್ಳಿ. ಅರೆಕಿಪಾ 2,335. ಮಾಚು ಪಿಚು 2,430. ಒಯಾಂತಾಯ್‌ತಾಂಬೋ 2,800ಕ್ಕೆ ಒಂಚೂರು ಕಡಿಮೆ. ಹುವಾರಾಜ್ 3,050. ಕುಸ್ಕೋ 3,400. ಟಿಟಿಕಾಕಾ 3,812. ನೋಡಿದಿರಾ, ಮಾಚು ಪಿಚು ಕುಸ್ಕೋಗಿಂತ ಸುಮಾರು ಒಂದು ಕಿಲೋಮೀಟರ್ ಕೆಳಗಿದೆ! ಬೆಟ್ಟದ ತುದಿಯ ಫೋಟೋ ನೋಡಿ ಎಲ್ಲರೂ ಉಲ್ಟಾ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ.

ನಾನು ಈಗ ಹೋದರೆ ಹೀಗೆ ಮಾಡುತ್ತೇನೆ. ಲಿಮಾದಲ್ಲಿ ಎರಡು ರಾತ್ರಿ ಮಲಗಿ ನಿದ್ದೆ ಸರಿ ಮಾಡಿಕೊಳ್ಳುತ್ತೇನೆ. ಅಲ್ಲಿಯ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಹಗಲು ರಾತ್ರಿ ಅದಲುಬದಲು. ಜೂನ್‌ನಲ್ಲಿ ಲಿಮಾದ ಆಕಾಶ ಮಂಜು ಕವಿದು ಬೂದಿ ಬಣ್ಣಕ್ಕಿರುತ್ತದೆ, ಬೇಜಾರಾಗಬೇಡಿ, ಬೆಟ್ಟದ ಮೇಲೆ ಅದು ಒಣ ಕಾಲ, ಬಿಸಿಲು ಚೆನ್ನಾಗಿರುತ್ತದೆ. ಅಲ್ಲಿಂದ ವಿಮಾನದಲ್ಲಿ ಅರೆಕಿಪಾ. ಜ್ವಾಲಾಮುಖಿಯ ಬಿಳಿ ಕಲ್ಲಲ್ಲಿ ಕಟ್ಟಿದ ಊರು, ಎತ್ತರವೂ ಹದವಾಗಿದೆ. ಎರಡು ದಿನ ಸುಮ್ನೆ ಸುತ್ತಿ. ಆಮೇಲೆ ಮೂರು ದಿನ ಕೋಲ್ಕಾ. ಬಸ್ಸು ದಾರಿಯಲ್ಲಿ 4,900 ಮೀಟರಿನ ಒಂದು ಘಟ್ಟ ದಾಟುತ್ತದೆ, ತಲೆ ಸ್ವಲ್ಪ ಹಗುರ ಅನ್ನಿಸುತ್ತದೆ, ಆದರೆ ಅಲ್ಲಿ ಮಲಗುವುದಿಲ್ಲವಲ್ಲ, ಪರವಾಗಿಲ್ಲ.

ಕೋಲ್ಕಾದ ಬಗ್ಗೆ ಒಂದು ಎಚ್ಚರಿಕೆ. ಕಬಾನಾಕೊಂದೆ ಅನ್ನೋ ಹಳ್ಳಿಯಿಂದ ಕಣಿವೆಯ ತಳಕ್ಕೆ ಸುಮಾರು ಒಂದು ಸಾವಿರ ಮೀಟರ್ ಇಳಿಯುತ್ತೀರಿ. ತಳದಲ್ಲಿ ಸಂಗಾಯೆ ಅಂತ ತೋಪಿನಂಥ ಜಾಗ, ಈಜುಕೊಳ, ಹಸಿರು. ನಮ್ಮ ಬೆಟ್ಟಗಳಲ್ಲಿ ಸುಸ್ತಾದರೆ ಅರ್ಧದಿಂದ ಇಳಿದು ಬರಬಹುದು. ಇಲ್ಲಿ ಇಳಿದಾಗಿರುತ್ತದೆ, ಹತ್ತಲೇಬೇಕು. ನಾಲ್ಕೂವರೆಗೆ ಟಾರ್ಚ್ ಹಚ್ಚಿಕೊಂಡು ಹೊರಡಿ. ಬಿಸಿಲು ಗೋಡೆಗೆ ಬಿದ್ದ ಮೇಲೆ ಹತ್ತುವುದು ಶಿಕ್ಷೆ. ವಾಪಸ್ ಬರುವಾಗ ಕಾಂಡೋರ್ ರಣಹದ್ದುಗಳು ಹಾರುವ ಜಾಗದಲ್ಲಿ ಬೆಳಿಗ್ಗೆ ಒಂದು ಗಂಟೆ ನಿಲ್ಲಿ. ಮೂರು ಮೀಟರ್ ಅಗಲದ ರೆಕ್ಕೆ, ಒಂದು ಸಲವೂ ಬಡಿಯದೆ ತೇಲುತ್ತದೆ. ನಮ್ಮ ತಲೆ ಮೇಲೆ ಒಂದು ಎಷ್ಟು ಹತ್ತಿರ ಹೋಯಿತು ಅಂದರೆ ಗಾಳಿ ಸೀಳುವ ಸದ್ದು ಕೇಳಿಸಿತು.

ಅಷ್ಟು ಹೊತ್ತಿಗೆ ಮೈ ಒಗ್ಗಿರುತ್ತದೆ. ಆಗ ಕುಸ್ಕೋಗೆ ಹೋಗಿ, ಆದರೆ ಏರ್‌ಪೋರ್ಟಿಂದ ನೇರ ಟ್ಯಾಕ್ಸಿ ಹಿಡಿದು ಒಯಾಂತಾಯ್‌ತಾಂಬೋಗೆ ಇಳಿದುಬಿಡಿ. ಸ್ಪ್ಯಾನಿಷರು ಬರುವ ಮುಂಚೆ ಇಲ್ಲಿ ಆಳಿದ ಇಂಕಾಗಳ ಕಾಲದ ಬೀದಿಗಳಲ್ಲಿ ಜನ ಇವತ್ತಿಗೂ ವಾಸ ಮಾಡುವ ಊರು, ಕಲ್ಲಿನ ಕಾಲುವೆಯಲ್ಲಿ ರಾತ್ರಿಯಿಡೀ ನೀರು ಹರಿಯುವ ಸದ್ದು. ಮಾಚು ಪಿಚು ರೈಲು ಅಲ್ಲಿಂದಲೇ ಸಿಗುತ್ತದೆ. ಕುಸ್ಕೋ ಊರನ್ನು ಕೊನೆಗೆ ಇಟ್ಟುಕೊಳ್ಳಿ. ಜೂನ್ 24ಕ್ಕೆ ಅಲ್ಲಿ ಇಂತಿ ರಾಯ್ಮಿ, ಸೂರ್ಯನ ಹಬ್ಬ. ನೋಡಬೇಕು ಅಂದರೆ ರೂಮು ಈಗಲೇ ಮಾಡಿ, ಬೇಡ ಅಂದರೆ ಆ ವಾರ ತಪ್ಪಿಸಿ.

ಮಾಚು ಪಿಚು ಟಿಕೆಟ್ ಅಂದರೆ ಸುಮ್ನೆ ಒಳಗೆ ಬಿಡುವ ಚೀಟಿ ಅಲ್ಲ. ದಿನ, ಗಂಟೆ, ನಡೆಯುವ ದಾರಿ ಮೂರೂ ಅದರಲ್ಲೇ ನಿಗದಿ. ಒಂದು ಸಲ ಹೊರಗೆ ಬಂದರೆ ಮತ್ತೆ ಒಳಗಿಲ್ಲ. ಸರ್ಕಾರದ ಸೈಟಿನಲ್ಲೇ ತಗೊಳ್ಳಿ, ಸಿಕ್ಕರೆ ಸರ್ಕ್ಯೂಟ್ 2 ಅನ್ನೋ ದಾರಿ ತಗೊಳ್ಳಿ. ಎಲ್ಲರೂ ನೋಡಿರುವ ಆ ಫೋಟೋ ಜಾಗವೂ ಸಿಗುತ್ತದೆ, ಕಟ್ಟಡಗಳ ನಡುವೆ ನಡೆಯುವುದಕ್ಕೂ ಆಗುತ್ತದೆ. ಮಾಚು ಪಿಚುಗೆ ನಡೆದೇ ಹೋಗುವ ಹಳೇ ದಾರಿ ಇಂಕಾ ಟ್ರೇಲ್, ನಾಲ್ಕು ದಿನದ್ದು ಬೇಕು ಅಂದರೆ ಆರು ತಿಂಗಳು ಮುಂಚೆಯೇ ನೋಡಬೇಕು. ದಿನಕ್ಕೆ 500 ಜನಕ್ಕೆ ಮಾತ್ರ ಪರ್ಮಿಟ್, ಅದರಲ್ಲಿ ಗೈಡು, ಹೊರೆ ಹೊರುವವರೂ ಸೇರಿದ್ದಾರೆ. ನೀವಾಗಿಯೇ ಹೋಗುವ ಹಾಗಿಲ್ಲ, ಲೈಸೆನ್ಸ್ ಇರುವ ಕಂಪನಿ ಮೂಲಕವೇ ಹೋಗಬೇಕು. ನಿಮಗೆ ಸಿಗದಿದ್ದರೆ ಸಾಲ್ಕಾಂತಾಯ್ ದಾರಿ ಇದೆ, ಅದರ ಎತ್ತರ 4,600 ಮೀಟರ್ ಮುಟ್ಟುತ್ತದೆ. ಎಲ್ಲಿ ಹೋದರೂ ಒಂದು ದಿನ ಖಾಲಿ ಬಿಡಿ. 2023ರ ಜನವರಿ, ಫೆಬ್ರವರಿಯಲ್ಲಿ ಪ್ರತಿಭಟನೆಯಿಂದಾಗಿ ಮಾಚು ಪಿಚುವನ್ನೇ ಮುಚ್ಚಿದ್ದರು.

ಆದರೆ ನಿಜ ಹೇಳಬೇಕು ಅಂದರೆ, ನಿಮಗೆ ನಡೆಯುವುದೇ ಇಷ್ಟ ಅಂತಾದರೆ ಇಂಕಾ ಟ್ರೇಲ್ ಬಿಡಿ. ಮಾಚು ಪಿಚುವನ್ನು ರೈಲಲ್ಲಿ ನೋಡಿ ಬನ್ನಿ. ಉಳಿಸಿದ ದಿನಗಳನ್ನು ಹುವಾರಾಜ್‌ಗೆ ಕೊಡಿ. ಲಿಮಾದಿಂದ ಬಸ್ಸಲ್ಲಿ ಎಂಟು ಗಂಟೆ. ನಮ್ಮವರು ಯಾರೂ ಅಲ್ಲಿಗೆ ಹೋಗುವುದಿಲ್ಲ, ಇಡೀ ವಾರ ನಮಗೆ ಒಬ್ಬ ಭಾರತೀಯರೂ ಸಿಗಲಿಲ್ಲ. ಊರಿನ ಬೀದಿಯಲ್ಲಿ ನಿಂತರೆ ಹಿಮದ ಬೆಟ್ಟಗಳ ಸಾಲು. ಪೆರುವಿನಲ್ಲೇ ಎತ್ತರವಾದ ಹುವಾಸ್ಕರಾನ್, 6,768 ಮೀಟರ್, ಅಲ್ಲೇ ಇದೆ.

ಮೊದಲ ಎರಡು ದಿನ ಊರಲ್ಲೇ ಇರಿ, ಹತ್ತಿರದ ಸಣ್ಣ ಬೆಟ್ಟ ಹತ್ತಿ ಇಳಿಯಿರಿ. ಮೂರನೇ ದಿನ ಲಗೂನಾ 69. ಹೆಸರು ನೋಡಿ ನಗಬೇಡಿ, ಅಲ್ಲಿಯ ಹುವಾಸ್ಕರಾನ್ ನ್ಯಾಷನಲ್ ಪಾರ್ಕಿನ ಸರೋವರಗಳಿಗೆ ನಂಬರ್ ಕೊಟ್ಟಾಗ ಉಳಿದುಕೊಂಡ ನಂಬರ್ ಅದು. ಸುಮಾರು 4,600 ಮೀಟರಿನಲ್ಲಿದೆ. ಕೊನೆಯ ತಿರುವುಗಳಲ್ಲಿ ನಾನು ಇಪ್ಪತ್ತು ಹೆಜ್ಜೆ ಎಣಿಸಿ ನಿಲ್ಲುತ್ತಿದ್ದೆ, ಆಮೇಲೆ ಹತ್ತು, ಆಮೇಲೆ ಐದು. ಗೈಡ್ ಹುಡುಗ ಹಿಂದೆ ಬರುತ್ತಾ "ಪೋಕೊ ಆ ಪೋಕೊ" ಅನ್ನುತ್ತಿದ್ದ, ನಿಧಾನ ನಿಧಾನ ಅಂತ. ಬಂಡೆ ದಾಟಿದ ತಕ್ಷಣ ಎದುರಿಗೆ ನೀರು. ಬಟ್ಟೆಗೆ ಹಾಕುವ ನೀಲಿ ಜಾಸ್ತಿ ಆದಾಗ ಬಕೆಟ್ ಹೇಗೆ ಕಾಣುತ್ತದೆ, ಆ ಬಣ್ಣ. ಮೇಲಿಂದ ಹಿಮ ಕರಗಿ ಸಣ್ಣ ಜಲಪಾತ ಬೀಳುತ್ತಿತ್ತು. ತಂಗಿ, ಕುಸ್ಕೋದಲ್ಲಿ ನೆಲ ಹಿಡಿದಿದ್ದವಳು, ನನಗಿಂತ ಹದಿನೈದು ನಿಮಿಷ ಮುಂಚೆ ಬಂದು ಕೂತು ಬಾಳೆಹಣ್ಣು ತಿನ್ನುತ್ತಿದ್ದಳು.

ಆಮೇಲೆ ನಾಲ್ಕು ದಿನದ ಸಾಂತಾ ಕ್ರೂಸ್ ಟ್ರೆಕ್. ಸುಮಾರು 50 ಕಿಲೋಮೀಟರ್, ಎತ್ತರದ ಜಾಗ ಪುಂತಾ ಯೂನಿಯನ್, 4,750 ಮೀಟರ್. ಸಾಮಾನು ಕತ್ತೆಗಳು ಹೊರುತ್ತವೆ. ರಾತ್ರಿ ಬಾಟಲಿ ನೀರು ಹೆಪ್ಪುಗಟ್ಟುವ ಚಳಿ, ಒಳ್ಳೇ ಸ್ಲೀಪಿಂಗ್ ಬ್ಯಾಗ್ ಹುವಾರಾಜ್‌ನಲ್ಲೇ ಬಾಡಿಗೆಗೆ ಸಿಗುತ್ತದೆ.

ಹೋಗುವ ದಾರಿಯಲ್ಲಿ ಯುಂಗಾಯ್ ಅನ್ನೋ ಊರಿದೆ. ಹಳೇ ಊರು ಈಗ ಗುಲಾಬಿ ತೋಟ. 1970ರ ಮೇ 31ರ ಭೂಕಂಪಕ್ಕೆ ಹುವಾಸ್ಕರಾನ್‌ನ ಒಂದು ಮಗ್ಗುಲೇ ಜಾರಿ, ಹಿಮ, ಬಂಡೆ, ಕೆಸರು ಸೇರಿ ಕೆಲವೇ ನಿಮಿಷದಲ್ಲಿ ಇಡೀ ಊರನ್ನು ಮುಚ್ಚಿತು. ಚೌಕದ ತಾಳೆ ಮರಗಳ ತುದಿ ಮಾತ್ರ ಮೇಲೆ ಉಳಿಯಿತು. ಬದುಕಿದವರಲ್ಲಿ ಹಲವರು ಗುಡ್ಡದ ಮೇಲಿನ ಸ್ಮಶಾನಕ್ಕೆ ಓಡಿದವರು. ನಜ್ಜುಗುಜ್ಜಾದ ಬಸ್ಸೊಂದು ಇನ್ನೂ ಅಲ್ಲೇ ಬಿದ್ದಿದೆ. ಅಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಅರ್ಧ ಗಂಟೆ ಇದ್ದು ಬಂದೆವು.

ಅಂದರೆ ಅಮೆಜಾನ್, ಟಿಟಿಕಾಕಾ, ರೇನ್‌ಬೋ ಮೌಂಟನ್ ಮೂರೂ ಹೋಯಿತು. ಟಿಟಿಕಾಕಾ ಬಿಡುವುದಕ್ಕೆ ನನಗೂ ಹೊಟ್ಟೆ ಉರಿಯುತ್ತದೆ. ರೇನ್‌ಬೋ ಮೌಂಟನ್‌ಗೆ ಉರಿಯುವುದಿಲ್ಲ. ನಿಮ್ಮ ಮೂರು ವಾರದಲ್ಲಿ ಹೋಗಿ ಬರುವುದಕ್ಕೇ ಮೂರ್ನಾಲ್ಕು ದಿನ ಬೇಕು, ಲೆಕ್ಕ ಹಾಕುವಾಗ ಅದನ್ನು ಕಳೆಯಿರಿ.

ಇನ್ನು ಕಾಗದ ಪತ್ರ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಯುರೋಪಿನ ಶೆಂಗೆನ್ ವೀಸಾ ಇದ್ದು, ಅದು ಇನ್ನೂ ಆರು ತಿಂಗಳು ಚಾಲ್ತಿಯಲ್ಲಿದ್ದರೆ ಭಾರತೀಯರಿಗೆ ಪೆರು ವೀಸಾ ಬೇಡ. ಇಲ್ಲದಿದ್ದರೆ ದೆಹಲಿಯ ರಾಯಭಾರ ಕಚೇರಿ. ಟಿಕೆಟ್ ಮಾಡುವ ಮುಂಚೆ ಅವರ ಹತ್ತಿರವೇ ಒಮ್ಮೆ ಖಚಿತ ಮಾಡಿಕೊಳ್ಳಿ. ಅಮೆರಿಕ ಮೂಲಕ ಹೋದರೆ ವಿಮಾನ ಬದಲಿಸುವುದಕ್ಕೂ ಅವರ ವೀಸಾ ಬೇಕು. ಯೆಲ್ಲೋ ಫೀವರ್ ಲಸಿಕೆ ಮರೆಯಬೇಡಿ. ಅಮೆಜಾನ್‌ಗೆ ಹೋಗಲ್ಲವಲ್ಲ ಅಂತ ಜನ ಬಿಟ್ಟುಬಿಡುತ್ತಾರೆ, ಆದರೆ ಪೆರುವಿಂದ ವಾಪಸ್ ಬರುವಾಗ ನಮ್ಮ ಸರ್ಕಾರವೇ ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಪುಸ್ತಕ ಕೇಳುತ್ತದೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಹೊರಡುವುದಕ್ಕೆ ಹತ್ತು ದಿನ ಮುಂಚೆಯಾದರೂ, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಇನ್ಶೂರೆನ್ಸ್ ಮಾಡಿಸುವಾಗ ಎಷ್ಟು ಮೀಟರ್‌ವರೆಗೆ ಅಂತ ಕೇಳಿ, ಸುಮಾರು ಪಾಲಿಸಿಗಳು ಟ್ರೆಕ್ಕಿಂಗ್‌ಗೆ ಎತ್ತರದ ಮಿತಿ ಇಡುತ್ತವೆ. ಕೋಕಾ ಎಲೆ ಟೀ ಅಲ್ಲಿ ಎಲ್ಲಾ ಹೋಟೆಲಲ್ಲೂ ಕೊಡುತ್ತಾರೆ, ಕುಡಿಯಿರಿ. ಆದರೆ ಒಂದು ಟೀ ಬ್ಯಾಗ್ ಕೂಡ ಮನೆಗೆ ತರಬೇಡಿ, ನಮ್ಮಲ್ಲಿ ಅದು ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಗೆ ಬರುತ್ತದೆ.

ಊಟಕ್ಕೆ ತೊಂದರೆ ಇಲ್ಲ, ಬೇಜಾರು ಇದೆ. "ಕಾರ್ನೆ" (ಮಾಂಸ) ಬೇಡ ಅಂತ ಹೇಳಿದರೆ ಕೋಳಿ ಹಾಕಿಬಿಡುತ್ತಾರೆ, ಕೋಳಿ, ಮೀನು ಎರಡೂ ಬೇಡ ಅಂತ ಬಿಡಿಸಿ ಹೇಳಿ: "ಸಿನ್ ಪೊಯೊ, ಸಿನ್ ಪೆಸ್ಕಾದೊ". ಕಿನುವಾ ಸೂಪ್, ಬೆಣ್ಣೆಹಣ್ಣು, ಹೆಬ್ಬೆರಳು ಗಾತ್ರದ ಕಾಳಿನ ಮುಸುಕಿನ ಜೋಳದ ಜೊತೆ ಚೀಸು, ಚೈನೀಸ್ ಹೋಟೆಲಿನ ಅನ್ನ. ಮತ್ತೆ ಆಲೂಗಡ್ಡೆ. ಹಾಸನದ ಹೊಲದಲ್ಲಿ ಬೆಳೆಯುವ ಆಲೂಗಡ್ಡೆಯ ತವರು ಈ ಬೆಟ್ಟಗಳೇ. ಕಪ್ಪು, ನೇರಳೆ, ಹಳದಿ, ಗಂಟು ಗಂಟಾಗಿರುವುದು, ಹೀಗೆ ಸಾವಿರಾರು ತಳಿ. ಬೇಳೆ ಬೇಯಿಸುವ ಆಸೆ ಮಾತ್ರ ಬಿಡಿ. ಆ ಎತ್ತರದಲ್ಲಿ ನೀರು 90 ಡಿಗ್ರಿಗೂ ಮುಂಚೆಯೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಕರಗುವುದಿಲ್ಲ.

ಸಾಂತಾ ಕ್ರೂಸ್ ಟ್ರೆಕ್‌ನ ಎರಡನೇ ರಾತ್ರಿ ಅಡುಗೆಯವರು ಸಿಪ್ಪೆ ಸಮೇತ ಬೇಯಿಸಿದ ಹಳದಿ ಆಲೂಗಡ್ಡೆ ಕೊಟ್ಟರು. ಉಳಿದಿದ್ದ ಅರ್ಧ ಪ್ಯಾಕೆಟ್ ಚಟ್ನಿಪುಡಿ ಹೊರಗೆ ತೆಗೆದೆವು. ಅವರೂ ಒಂದು ಚಿಟಿಕೆ ನೆಕ್ಕಿ ನೋಡಿ ಇನ್ನೊಂದು ಸಲ ಕೈ ಚಾಚಿದರು. ಒಯ್ಯುವುದಾದರೆ ಪ್ಯಾಕೆಟ್ ಬೇಡ, ತಿರುಗಿಸುವ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಲಿಮಾ ಬಿಟ್ಟು ಮೇಲೆ ಹೋದ ಮೇಲೆ ಮುಚ್ಚಳ ಒಂದು ಸಲ ಸಡಿಲ ಮಾಡಿ.