ಶಾಸಕರಾಗಿದ್ದವರು ಜಡ್ಜ್ ಆಗಬಹುದೇ?

ಪ್ರಶ್ನೆ: ನಮ್ಮೂರ ವಕೀಲರೊಬ್ಬರು ಚುನಾವಣೆಗೆ ನಿಲ್ಲುವ ತಯಾರಿಯಲ್ಲಿದ್ದಾರೆ. ‘ಒಮ್ಮೆ ಎಮ್ಮೆಲ್ಲೆ ಆದರೆ ಜಡ್ಜ್ ಆಗುವ ದಾರಿ ಬಂದ್’ ಎಂದು ಕೋರ್ಟ್ ಎದುರಿನ ಚಾ ಅಂಗಡಿಯಲ್ಲಿ ವಾದ ನಡೆದಿದೆ. ಹೌದೇ?
– ಓದುಗರು, ಶಿರಸಿ

ಉತ್ತರ: ಬಂದ್ ಆಗುವುದಿಲ್ಲ. ಸಂವಿಧಾನದ 217ನೇ ವಿಧಿ ಹೈಕೋರ್ಟ್ ನ್ಯಾಯಮೂರ್ತಿಗೆ ಕೇಳುವುದು ಭಾರತದ ಪೌರತ್ವ, ಜೊತೆಗೆ 10 ವರ್ಷದ ಹೈಕೋರ್ಟ್ ವಕೀಲಿಕೆ ಅಥವಾ 10 ವರ್ಷದ ನ್ಯಾಯಾಂಗ ಹುದ್ದೆ. ಶಾಸಕರಾಗಿದ್ದರೆ ಬೇಡ ಎಂಬ ಮಾತು ಅಲ್ಲಿಲ್ಲ. ಶಾಸಕರಾಗಿರುವಾಗ ಕೋಟು ಕಳಚಿಡಬೇಕೆಂದೂ ಇಲ್ಲ. ವಕೀಲರ ಪರಿಷತ್ತಿನ ನಿಯಮ ಶಾಸಕರ ವಕೀಲಿಕೆಯನ್ನು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಶಿರಸಿಯಲ್ಲೇ ವಾದಿಸಿದವರು ‘ಹೈಕೋರ್ಟ್ ವಕೀಲ’ ಹೇಗಾದಾರು ಎಂಬ ಅನುಮಾನವೂ ಬೇಡ. ವಕೀಲಿಕೆಯ ಸನ್ನದು ಪಡೆದು ಹೈಕೋರ್ಟಿನಲ್ಲಿ ವಾದಿಸುವ ಹಕ್ಕಿದ್ದರೆ ಅರ್ಹತೆ ಬಂತು. ಎಷ್ಟು ವಾದಿಸಿದರು, ಹೇಗೆ ವಾದಿಸಿದರು ಎಂಬುದು ಯೋಗ್ಯತೆಯ ಪ್ರಶ್ನೆ. ಅದನ್ನು ಅಳೆಯುವುದು ಕೊಲಿಜಿಯಂ, ಅಂದರೆ ನೇಮಕಕ್ಕೆ ಹೆಸರು ಶಿಫಾರಸು ಮಾಡುವ ಹಿರಿಯ ನ್ಯಾಯಮೂರ್ತಿಗಳ ಕೂಟ. 2009ರ ಮಹೇಶ್ ಚಂದ್ರ ಗುಪ್ತ ಪ್ರಕರಣದಲ್ಲಿ ಈ ಎರಡನ್ನೂ ಬೇರೆ ಬೇರೆ ಮಾಡಲಾಗಿದೆ.

ರಾಜಕಾರಣಿಗಳು ಎಡವುವುದು ಈ ಯೋಗ್ಯತೆಯಲ್ಲಿ. ಹೆಸರು ಪರಿಗಣನೆಗೆ ಬಂದಾಗ ಹಿಂದಿನ ಐದು ವರ್ಷಗಳ ವಕೀಲಿಕೆಯ ಆದಾಯ, ತಾವೇ ವಾದಿಸಿದ ವರದಿಯಾದ ತೀರ್ಪುಗಳು, ಎಲ್ಲವನ್ನೂ ಕೇಳುತ್ತಾರೆ. ಐದು ವರ್ಷ ಮದುವೆ, ಗೃಹಪ್ರವೇಶ, ಶಂಕುಸ್ಥಾಪನೆ ಎಂದು ತಿರುಗಿದವರ ಬಳಿ ತೋರಿಸಲು ಏನಿರುತ್ತದೆ? ಹೆಸರು ಮೊದಲು ಹೊರಡುವುದು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ನ್ಯಾಯಮೂರ್ತಿಗಳಿಂದ. ಆಮೇಲೆ ರಾಜ್ಯ ಸರ್ಕಾರದ ಅಭಿಪ್ರಾಯ, ಕೇಂದ್ರದ ಗುಪ್ತಚರ ವರದಿ, ಸುಪ್ರೀಂ ಕೋರ್ಟ್ ಕೊಲಿಜಿಯಂ, ಕೊನೆಗೆ ರಾಷ್ಟ್ರಪತಿಗಳ ಸಹಿ. ಎದುರು ಪಕ್ಷದ ಸರ್ಕಾರವಿದ್ದರೆ ಕಡತ ಎಲ್ಲಿ ಕೂರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಹಾಗೆ ಆದವರು ಯಾರಾದರೂ ಇದ್ದಾರೆಯೇ? ಅವರಿಂದ ನಮ್ಮಂಥವರಿಗೆ ಆದ ಪ್ರಯೋಜನವೇನು?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಮೊದಲು ಹೇಳಬೇಕಾದ ಹೆಸರು ವಿ. ಆರ್. ಕೃಷ್ಣ ಅಯ್ಯರ್. ತಲಶ್ಶೇರಿಯ ವಕೀಲರು. 1952ರಲ್ಲಿ ಮದ್ರಾಸ್ ವಿಧಾನಸಭೆಗೆ, 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಆಯ್ಕೆಯಾದರು. ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಸಂಪುಟದಲ್ಲಿ ಕಾನೂನು, ಗೃಹ, ಜೈಲು, ನೀರಾವರಿ ಖಾತೆಗಳು ಅವರ ಕೈಲಿದ್ದವು. 1959ರ ಜುಲೈ 31ರಂದು ಆ ಸರ್ಕಾರ ವಜಾ ಆಯಿತು. ಅಯ್ಯರ್ ಮತ್ತೆ ಕೋಟು ತೊಟ್ಟರು. 1965ರ ಚುನಾವಣೆಯಲ್ಲಿ ಸೋತರು. 1968ರಲ್ಲಿ ಕೇರಳ ಹೈಕೋರ್ಟ್, 1973ರಲ್ಲಿ ಸುಪ್ರೀಂ ಕೋರ್ಟ್, 1980ರ ನವೆಂಬರ್‌ನಲ್ಲಿ ನಿವೃತ್ತಿ. ಲೆಕ್ಕ ಹಾಕಿ ನೋಡಿ: ಮಂತ್ರಿಗಿರಿಗೂ ನ್ಯಾಯಪೀಠಕ್ಕೂ ನಡುವೆ ಸುಮಾರು ಒಂಬತ್ತು ವರ್ಷ. ಶಿರಸಿಯ ಆ ವಕೀಲರು ಗಮನಿಸಬೇಕಾದದ್ದು ಈ ಒಂಬತ್ತು ವರ್ಷವನ್ನು.

ಇಂದಿರಾ ಗಾಂಧಿಯವರ ಆಯ್ಕೆ ಅಸಿಂಧು ಎಂದ ಅಲಹಾಬಾದ್ ಹೈಕೋರ್ಟ್ ತೀರ್ಪಿಗೆ 1975ರ ಜೂನ್ 24ರಂದು ಷರತ್ತಿನ ತಡೆಯಾಜ್ಞೆ ಕೊಟ್ಟವರು ಇವರೇ. ಪ್ರಧಾನಿಯಾಗಿ ಮುಂದುವರಿಯಬಹುದು, ಆದರೆ ಸಂಸದರಾಗಿ ಮತ ಹಾಕುವಂತಿಲ್ಲ ಎಂಬ ಆ ಆದೇಶ ಎಲ್ಲರಿಗೂ ನೆನಪಿದೆ. ಆದರೆ ಕಾರವಾರದವರಿಗೆ ಹೆಚ್ಚು ಹತ್ತಿರದ್ದು 1978ರ ಮೋತಿರಾಮ್ ತೀರ್ಪು. ಮೋತಿರಾಮ್ ಮಧ್ಯಪ್ರದೇಶದ ಬಡ ಗೌಂಡಿ. ಜಾಮೀನು ಸಿಕ್ಕಿತ್ತು. ಕೆಳ ಕೋರ್ಟ್ 10,000 ರೂಪಾಯಿಯ ಶೂರಿಟಿ ಕೇಳಿತು. ಅಣ್ಣ-ತಮ್ಮಂದಿರಲ್ಲೇ ಒಬ್ಬರು ಶೂರಿಟಿಗೆ ನಿಂತರೆ, ‘ನಿಮ್ಮ ಆಸ್ತಿ ಬೇರೆ ಜಿಲ್ಲೆಯಲ್ಲಿದೆ’ ಎಂದು ಒಪ್ಪಲಿಲ್ಲ. ಅಯ್ಯರ್ ಅದನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಗೆ ಇಳಿಸಿದರು. ಬೇರೆ ಜಿಲ್ಲೆ, ಬೇರೆ ರಾಜ್ಯದ ಆಸ್ತಿ ಎಂಬ ಒಂದೇ ಕಾರಣಕ್ಕೆ ಶೂರಿಟಿ ತಿರಸ್ಕರಿಸಬಾರದು ಎಂದರು. ಗಡಿಯ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಸಿಕ್ಕಿಬಿದ್ದ ಗೋವಾದ ಕಾಣಕೋಣದ ಹುಡುಗನಿಗೆ ‘ಕರ್ನಾಟಕದ ಪಹಣಿಯೇ ಬೇಕು’ ಎಂದು ಯಾರಾದರೂ ಹೇಳಿದರೆ, ವಕೀಲರು ತೆಗೆಯಬೇಕಾದ ತೀರ್ಪು ಇದು. ಪಹಣಿ ಸಿಗುವತನಕ ಹುಡುಗ ಒಳಗೆ ಕೊಳೆಯಬೇಕಿಲ್ಲ.

1980ರ ರತ್ಲಾಮ್ ತೀರ್ಪೂ ಇವರದೇ. ಚರಂಡಿ ಕಟ್ಟಲು ಹಣವಿಲ್ಲ ಎಂಬ ಪುರಸಭೆಯ ನೆಪ ನಡೆಯುವುದಿಲ್ಲ ಎಂದರು. ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152. ಓಣಿಯ ಗಟಾರ ಉಕ್ಕುತ್ತಿದ್ದರೆ ಇದರಡಿ ಉಪವಿಭಾಗಾಧಿಕಾರಿಗೇ ಅರ್ಜಿ ಕೊಡಬಹುದು. ಫೋಟೊ ಲಗತ್ತಿಸಿ, ಮೊದಲು ನಗರಸಭೆಗೆ ಕೊಟ್ಟ ದೂರಿನ ಸ್ವೀಕೃತಿ ಇದ್ದರೆ ಅದನ್ನೂ ಇಡಿ.

ಪೊಲೀಸು, ಜೈಲು, ಸರ್ಕಾರಿ ಖಜಾನೆ, ಮೂರರ ಒಳಮನೆಯನ್ನೂ ಅಯ್ಯರ್ ಮಂತ್ರಿಯಾಗಿ ಕಂಡಿದ್ದರು. ‘ಹಣವಿಲ್ಲ’ ಎಂಬ ಸರ್ಕಾರಿ ಉತ್ತರ ಅವರೆದುರು ಸುಲಭಕ್ಕೆ ನಡೆಯದಿದ್ದುದು ಅದಕ್ಕೇ ಎಂಬುದು ನಮ್ಮ ಅಂದಾಜು.

ಕರಾವಳಿಯವರೇ ಬೇಕೆಂದರೆ ಕಾರ್ಕಳ ಕಡೆಯ ಕೆ. ಎಸ್. ಹೆಗ್ಡೆ. ಅವರು ಶಾಸಕರಲ್ಲ, 1952ರಿಂದ ರಾಜ್ಯಸಭಾ ಸದಸ್ಯರು. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿಗೆ ಬಂದರು. ಅದರ ಹಿಂದಿನ ವರ್ಷವಷ್ಟೇ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿತ್ತು. ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. 1973ರಲ್ಲಿ ಇವರ ಹಿರಿತನ ಬದಿಗೊತ್ತಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಎಸೆದರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭಾ ಸ್ಪೀಕರ್ ಆದರು.

ಪ್ರಶ್ನೆ: ಹಾಲಿ ಶಾಸಕರು ರಾಜೀನಾಮೆ ಯಾವಾಗ ಕೊಡಬೇಕು?
– ಓದುಗರು, ಅಂಕೋಲಾ

ಉತ್ತರ: ರಾಜ್ಯಪಾಲರ ಮುಂದೆ ಪ್ರಮಾಣ ಸ್ವೀಕರಿಸುವ ಮೊದಲು. ಕೊಡಬೇಕಾದದ್ದು ಸ್ಪೀಕರಿಗೆ, ಪಕ್ಷದ ಅಧ್ಯಕ್ಷರಿಗೆ ಕೊಟ್ಟರೆ ಲೆಕ್ಕಕ್ಕಿಲ್ಲ. 1974ರ 33ನೇ ತಿದ್ದುಪಡಿಯಿಂದೀಚೆಗೆ ರಾಜೀನಾಮೆ ಸ್ವಇಚ್ಛೆಯದು ಎಂದು ಸ್ಪೀಕರಿಗೆ ಮನದಟ್ಟಾದ ಮೇಲೇ ಅದು ಅಂಗೀಕಾರ. ಆದ್ದರಿಂದ ಕೊನೆಯ ದಿನದವರೆಗೆ ಕಾಯುವುದು ಅಪಾಯ.

ಪ್ರಶ್ನೆ: ಹೈಕೋರ್ಟ್ ದೂರದ ಮಾತು. ಮಾಜಿ ಶಾಸಕರು ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಬಹುದೇ?
– ಓದುಗರು, ಕುಮಟಾ

ಉತ್ತರ: 233ನೇ ವಿಧಿಯಡಿ ವಕೀಲರಿಗೆ 7 ವರ್ಷ ಸಾಕು; ಹೈಕೋರ್ಟ್ ಪರೀಕ್ಷೆ, ಸಂದರ್ಶನ ನಡೆಸುತ್ತದೆ. ಆದರೆ ಅರ್ಜಿ ಹಾಕುವ ಹೊತ್ತಿಗೂ ವಕೀಲಿಕೆ ನಡೆಯುತ್ತಿರಬೇಕು ಎಂದು 2013ರ ದೀಪಕ್ ಅಗರ್ವಾಲ್ ತೀರ್ಪು ಹೇಳುತ್ತದೆ. ಹಳೆಯ ವಕಾಲತ್ತು ತೋರಿಸಿ ಪ್ರಯೋಜನವಿಲ್ಲ. ವಯಸ್ಸಿನ ಮಿತಿಯೂ ಇದೆ, ಅಧಿಸೂಚನೆ ಓದಿಯೇ ಅರ್ಜಿ ಹಾಕಿ.