ಥ್ರಿಲ್ಲರ್ ಕಿರುಚಿತ್ರದ ಟೈಟಲ್‌ಗೆ ಯಾವ ಟೆಂಪ್ಲೇಟ್, ಯಾವ ಮ್ಯೂಸಿಕ್ ಹಾಕಿದರೆ ಮಂದಿ ಹೆದರುತ್ತಾರೆ?

ಎರಡು ನಿಮಿಷದ ಟೈಟಲ್, ಪೂರ್ತಿ ಕತ್ತಲು, ಒಡೆದು ಚೂರಾಗುವ ಅಕ್ಷರ, ಹಿಂದೆ ಗುಂಯ್ ಅನ್ನುವ ಬೇಸ್. ನೀವು ಬರೆದು ಕಳಿಸಿದ ಈ ಪ್ಲಾನ್ ಓದುವಾಗ ನನ್ನ ಹಳೇ ನೋಟ್‌ಬುಕ್ಕನ್ನೇ ಯಾರೋ ತೆರೆದಿಟ್ಟ ಹಾಗಾಯಿತು. ಟೆಂಪ್ಲೇಟ್ ಹೆಸರು ಮಾತ್ರ ನಾನು ಹೇಳುವುದಿಲ್ಲ. ಯಾಕೆ ಅಂತ ಹೇಳಬೇಕಂದ್ರ ಸ್ವಲ್ಪ ಉದ್ದ ಆಗ್ತದ, ಓದ್ರಿ.

ಗದಗದಲ್ಲಿ ನಾವು ಗೆಳೆಯರು ಸೇರಿ ಹದಿನೆಂಟು ನಿಮಿಷದ ಒಂದು ಥ್ರಿಲ್ಲರ್ ಮಾಡಿದ್ದೆವು. ಗದಗ-ಬೆಟಗೇರಿಯಲ್ಲಿ ಪ್ರಿಂಟಿಂಗ್ ಪ್ರೆಸ್‌ಗೇನು ಬರ? ಹಾಗಾಗಿ ಕಥೆಯೂ ಪ್ರೆಸ್ಸಿನದೇ. ಲಗ್ನಪತ್ರಿಕೆ ಮುದ್ರಿಸುವ ಒಂದು ಹಳೇ ಪ್ರೆಸ್. ಅಲ್ಲಿಂದ ಯಾರೋ ರಾತ್ರಿ ಹೊತ್ತು ಶಿವಗಣಾರಾಧನೆ ಪತ್ರಿಕೆ, ಅಂದರೆ ಸತ್ತವರ ತಿಥಿಗೆ ಕರೆಯುವ ಪತ್ರಿಕೆ, ಅಚ್ಚು ಹಾಕಿ ಹಂಚುತ್ತಿದ್ದಾರೆ. ಪತ್ರಿಕೆಯಲ್ಲಿ ಇರುವವರೆಲ್ಲ ಇನ್ನೂ ಬದುಕಿರುವವರು. ಪತ್ರಿಕೆ ಮನೆ ಮುಟ್ಟಿದ ಮೇಲೆ ಒಬ್ಬೊಬ್ಬರಾಗಿ ಸಾಯತೊಡಗುತ್ತಾರೆ. ಅಚ್ಚು ಹಾಕುವವನು ಯಾರು ಅನ್ನುವುದೇ ಚಿತ್ರ.

ಆಗ ನನ್ನ ತಲೆಯಲ್ಲಿ ಕೂತಿದ್ದು 1995ರ ಇಂಗ್ಲಿಷ್ ಥ್ರಿಲ್ಲರ್ ‘ಸೆವೆನ್’. ಕೈಲ್ ಕೂಪರ್ ಮಾಡಿದ ಅದರ ಟೈಟಲ್ ನೀವೂ ನೋಡಿರುತ್ತೀರಿ: ಬ್ಲೇಡಿನಿಂದ ಬೆರಳ ತುದಿ ಕೆರೆದುಕೊಳ್ಳುವ ಕೈ, ನೋಟ್‌ಬುಕ್ ಹೊಲಿಯುವ ಕೈ, ಫಿಲ್ಮ್ ಮೇಲೇ ಗೀಚಿದಂತೆ ನಡುಗುವ ಅಕ್ಷರ. ಆ ಕೈಯವನ ಮುಖ ಎಲ್ಲೂ ಇಲ್ಲ. ನಾವೂ ಕೈಗಳನ್ನೇ ತೋರಿಸೋಣ ಅಂದುಕೊಂಡೆ. ಮೊಳೆ, ಅಂದರೆ ಅಚ್ಚಿಗೆ ಬಳಸುವ ಬಿಡಿ ಅಕ್ಷರ, ಜೋಡಿಸುವ ಕೈ. ಪ್ರೆಸ್ಸಿನಲ್ಲಿ ಸೀಸದ ಹಳೇ ಮೊಳೆಗಳ ಕೇಸು ಧೂಳು ಹಿಡಿದು ಬಿದ್ದಿತ್ತು. ಟ್ರೆಡಲ್ ಮಷೀನೂ ಇತ್ತು, ತುಳಿದರೆ ಓಡುತ್ತಿತ್ತು. ಹಿಂದೆ ಕಂಪೋಸಿಂಗ್ ಮಾಡುತ್ತಿದ್ದ ಕಾಕಾ ಒಬ್ಬರು ಬಂದು ಎಲ್ಲ ಕಲಿಸಿದರು. ಅವರೇ “ತಮ್ಮಾ, ಬೇಕಾದ್ರ ನನ್ನ ಕೈ ತಗೋರಿ, ಲಗೂನ ಆಗತೈತಿ” ಅಂದರು. ನಾನು ಬೇಡ ಅಂದೆ. ಕೊಲೆಗಾರನ ಪಾತ್ರ ಮಾಡುವವನ ಕೈಯೇ ಬೇಕು, ಇಲ್ಲದಿದ್ದರೆ ನೋಡುವವರಿಗೆ ಮೋಸ ಮಾಡಿದಂತೆ ಅಂತ ದೊಡ್ಡ ಭಾಷಣ ಬೇರೆ ಬಿಗಿದೆ.

ಎಡವಿದ್ದು ಇಲ್ಲೇ. ಇದನ್ನು ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊಳೆ ಜೋಡಿಸುವವನು ಸ್ಟಿಕ್, ಅಂದರೆ ಮೊಳೆಗಳ ಸಾಲು ಕೂರಿಸುವ ಪುಟ್ಟ ಪಟ್ಟಿ, ಹಿಡಿಯುವುದು ಎಡಗೈಯಲ್ಲಿ. ಬಲಗೈ ಕೇಸಿನಿಂದ ಒಂದೊಂದೇ ಮೊಳೆ ಹೆಕ್ಕಿ ತರುತ್ತದೆ. ಜೋಡಿಸಿದ ಸಾಲು ಅಲುಗದಂತೆ ಕೊನೇ ಮೊಳೆಯನ್ನು ಒತ್ತಿ ಹಿಡಿಯುವುದು ಎಡಗೈ ಹೆಬ್ಬೆರಳು. ಅಂದರೆ ಕ್ಲೋಸಪ್ ಇಟ್ಟರೆ ಫ್ರೇಮಿನ ನಟ್ಟನಡುವೆ ಇರುವುದು ಹೆಬ್ಬೆರಳೇ, ಅಕ್ಷರ ಅದರ ಪಕ್ಕಕ್ಕೆ. ನಮ್ಮ ಹುಡುಗನ ಎಡಗೈ ಹೆಬ್ಬೆರಳಿನ ಉಗುರು ಅಂಗಡಿ ಶಟರ್‌ಗೆ ಸಿಕ್ಕು ಕರ್ರಗಾಗಿತ್ತು. ಶೂಟಿಂಗ್ ದಿನ ಅದು ನನಗೆ ಕಾಣಲಿಲ್ಲ ಅಂತಲ್ಲ. ಕಂಡಿತು, ಖುಷಿಯೂ ಆಯಿತು. ಎಂಥಾ ಟೆಕ್ಸ್ಚರ್ ಅಂತ ಇನ್ನೊಂದು ಲೈಟ್ ಹತ್ತಿರ ಎಳೆಸಿದೆ. ಒಂದೂವರೆ ನಿಮಿಷದ ಟೈಟಲ್‌ನಲ್ಲಿ ಆ ಉಗುರು ಮತ್ತೆ ಮತ್ತೆ, ಪರದೆ ತುಂಬ. ಸಾಲದ್ದಕ್ಕೆ ಎಡಿಟಿಂಗ್‌ನಲ್ಲಿ ಬೀಟ್‌ಗೆ ಸರಿಯಾಗಿ ಕೂಡುತ್ತದೆ ಅಂತ ಆ ಹುಡುಗನ ಹೆಸರನ್ನು ಉಗುರಿನ ಶಾಟ್ ಮೇಲೆಯೇ ಕೂರಿಸಿದೆ.

ಟೈಟಲ್ ಮುಗಿದು ಎರಡನೇ ಸೀನ್. ಅವನು ಪ್ರೆಸ್ ಮಾಲಕರ ಪಾಪದ ಅಳಿಯ, ಪೊಲೀಸರಿಗೆ ಚಹಾ ಕೊಡುತ್ತಾನೆ. ಕಪ್-ಬಸಿ ಹಿಡಿದ ಕೈ ಮುಂದೆ ಬರುತ್ತದೆ. ಬಸಿಯ ಅಂಚಿನ ಮೇಲೆ ಅದೇ ಕರಿ ಉಗುರು.

ಧಾರವಾಡದ ಒಂದು ಕಾಲೇಜಿನ ಹಾಲ್‌ನಲ್ಲಿ ಪ್ರದರ್ಶನ. ಹಿಂದಿನ ಸಾಲಿನಲ್ಲಿ ಯಾವನೋ “ಏ, ಉಗುರ ನೋಡಲೇ, ಇವನಽ ಅದಾನ!” ಅಂದ. ಹಾಲ್ ತುಂಬ ನಗು. ಉಳಿದ ಹದಿನೈದು ನಿಮಿಷ ಯಾರನ್ನು ಅನುಮಾನದಿಂದ ತೋರಿಸಿದರೂ ನಗು. ನಾನು ಕ್ಯಾಮೆರಾ ಬಾಡಿಗೆಗೆ ಅಕ್ಕನ ಹತ್ತಿರ ಸಾಲ ಮಾಡಿದ್ದೆ. ಅಕ್ಕನೂ ಅಲ್ಲೇ ಕೂತಿದ್ದಳು, ಅವಳೂ ನಕ್ಕಳು. ಸ್ಪರ್ಧೆಯಲ್ಲಿ ಏನೂ ಬರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಆಮೇಲೆ ಕೂತು ‘ಸೆವೆನ್’ ಮತ್ತೆ ನೋಡಿದೆ. ಆ ಕೈ ಅಲ್ಲಿ ಯಾಕೆ ನಡೆಯಿತು ಅಂದರೆ, ಕೈಯ ಒಡೆಯ, ಅಂದರೆ ಕೊಲೆಗಾರ, ತಾನಾಗಿಯೇ ಬಂದು ಎದುರಿಗೆ ನಿಲ್ಲುವುದು ಚಿತ್ರ ಮುಗಿಯುವ ಹೊತ್ತಿಗೆ. ಅಷ್ಟೇ ಅಲ್ಲ, ಆ ಪಾತ್ರ ಮಾಡಿದ ಕೆವಿನ್ ಸ್ಪೇಸಿಯ ಹೆಸರನ್ನೇ ಶುರುವಿನ ಟೈಟಲ್‌ನಿಂದ ತೆಗೆದಿದ್ದರು, ಪ್ರೇಕ್ಷಕರು ಊಹಿಸಬಾರದು ಅಂತ. ಅವರು ಕೈ ತೋರಿಸಿ ಹೆಸರು ಬಚ್ಚಿಟ್ಟರು. ನಾನು ಎರಡನ್ನೂ ಒಂದೇ ಫ್ರೇಮಿನಲ್ಲಿ ಕೊಟ್ಟೆ! ಹೊರಗಿನ ಕೊಳೆ, ಗೀಚು, ನಡುಕ ಎಲ್ಲ ನಕಲು ಮಾಡಿದ್ದೆ, ಒಳಗಿನ ಲೆಕ್ಕ ಮಾತ್ರ ನೋಡಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆ ಇಲ್ಲ. ಟೈಟಲ್ ಇರುವುದು ಹೆದರಿಸಲಿಕ್ಕೆ ಅಂತ ಯಾರು ಹೇಳಿದರು? 1960ರ ‘ಸೈಕೋ’ ನೋಡ್ರಿ. ಟೈಟಲ್ ಮಾಡಿದ ಸಾಲ್ ಬಾಸ್ ಅಲ್ಲಿ ಚಾಕು ತೋರಿಸಿಲ್ಲ, ರಕ್ತ ತೋರಿಸಿಲ್ಲ. ಬೂದು ಪಟ್ಟಿಗಳು ಅಡ್ಡ-ಉದ್ದ ಓಡುತ್ತವೆ, ಹೆಸರುಗಳು ಸೀಳಿ ಮತ್ತೆ ಕೂಡುತ್ತವೆ, ಕೆಳಗೆ ಬರ್ನಾರ್ಡ್ ಹರ್ಮನ್ ಸಂಗೀತ, ಅದೂ ಬರೀ ತಂತಿವಾದ್ಯ. ಚಿತ್ರವೇ ಎರಡಾಗಿ ಸೀಳಿದ ಮನಸ್ಸಿನದು, ಅಕ್ಷರ ಸೀಳುವುದಕ್ಕೆ ಕಾರಣ ಅಲ್ಲಿದೆ. ಅದೇ ಬಾಸ್ 1958ರ ‘ವರ್ಟಿಗೊ’ದಲ್ಲಿ ಹೆಣ್ಣಿನ ಕಣ್ಣೊಳಗಿಂದ ಸುರುಳಿ ತೆಗೆದರು, ಯಾಕಂದರೆ ಅದು ಎತ್ತರಕ್ಕೆ ತಲೆ ತಿರುಗುವವನ ಕಥೆ. ನಿಮ್ಮ ಅಕ್ಷರ ಯಾಕೆ ಒಡೆಯಬೇಕು? ಟೆಂಪ್ಲೇಟ್‌ನಲ್ಲಿ ಒಡೆಯುತ್ತದೆ, ಅದಕ್ಕೆ ಒಡೆಯುತ್ತದೆ.

ನಮ್ಮದನ್ನು ಕೊನೆಗೆ ಮತ್ತೆ ಕಟ್ ಮಾಡಿದೆ. ಕೈ ಎಲ್ಲ ತೆಗೆದೆ. ಇಪ್ಪತ್ತು-ಇಪ್ಪತ್ತೈದು ಸೆಕೆಂಡು, ಕಪ್ಪು ಪರದೆ, ಟ್ರೆಡಲ್ ತುಳಿಯುವ ಸದ್ದು ಮಾತ್ರ. ನಡುವೆ ಒಂದೇ ಶಾಟ್: ಗ್ಯಾಲಿ ಅನ್ನುವ ತಟ್ಟೆಯಲ್ಲಿ ಜೋಡಿಸಿಟ್ಟ ಮೊಳೆ. ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದಲ್ಲ, ಮಂದಿ ತಲೆ ವಾರೆ ಮಾಡಿ ಓದಲು ನೋಡುತ್ತಾರೆ. ಒಂದು ಗಂಡಸಿನ ಹೆಸರು. ಟೈಟಲ್‌ನಲ್ಲಿ ಬಂದ ಹೆಸರು, ಯಾರೋ ನಟನದು ಇರಬೇಕು ಅಂತ ಬಿಟ್ಟುಬಿಡುತ್ತಾರೆ. ಮೊದಲ ಸೀನ್‌ನಲ್ಲಿ ಪ್ರೆಸ್‌ಗೆ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದವರನ್ನು ಮಾಲಕರು ಆ ಹೆಸರು ಹಿಡಿದು “ಬರ್ರಿ, ಕೂಡ್ರಿ” ಅನ್ನುತ್ತಾರೆ. ಅಷ್ಟೇ. ಈ ಆವೃತ್ತಿಯನ್ನು ಹುಬ್ಬಳ್ಳಿಯಲ್ಲಿ ಒಬ್ಬ ಗೆಳೆಯನ ಮನೆಯಲ್ಲಿ ಹಾಕಿದಾಗ, ಆ “ಬರ್ರಿ” ಬಂದ ಕೂಡಲೇ ಅವನ ಅವ್ವ ಸೆರಗು ಬಾಯಿಗೆ ಒತ್ತಿಕೊಂಡರು. ಮ್ಯೂಸಿಕ್ ಒಂದು ಸೆಕೆಂಡೂ ಇರಲಿಲ್ಲ.

ನೀವು ಕೇಳದ ಎರಡು ಮಾತು. ನಾಯಕನ ಕೈಗೆ ಸಿಗರೇಟ್ ಕೊಟ್ಟಿದ್ದೀರಿ. ಮುಂದೆ ಥಿಯೇಟರ್‌ಗೆ ಹೋಗುವ ಆಸೆ ಇದ್ದರೆ ಕೈಬಿಡಿ. ತಂಬಾಕು ಕಾಣುವ ಚಿತ್ರಕ್ಕೆ ಶುರುವಿನಲ್ಲೂ ಇಂಟರ್‌ವಲ್ ಆದಮೇಲೂ ಕನಿಷ್ಠ 30 ಸೆಕೆಂಡಿನ ಆರೋಗ್ಯ ಎಚ್ಚರಿಕೆ ಬೀಳುತ್ತದೆ, ಆ ಶಾಟ್ ಬಂದಾಗೆಲ್ಲ ಕೆಳಗೆ ಅಕ್ಷರವೂ ಇರಬೇಕು. ಕೆಮ್ಮು, ಆಸ್ಪತ್ರೆ ನೋಡಿ ಕೂತವರ ಮುಂದೆ ನಿಮ್ಮ ಟೈಟಲ್ ಶುರುವಾಗಬೇಕಾಗುತ್ತದೆ. ಇನ್ನೊಂದು, ಹಳೇ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿ ‘ಅಕ್ಷರ ಒಂದೊಂದಾಗಿ ಬರಲಿ’ ಅನ್ನುವ ಅನಿಮೇಷನ್ ಕೊಟ್ಟರೆ ಕೊಂಬು ಒಂದು ಕಡೆ, ಒತ್ತು ಒಂದು ಕಡೆ ಹಾರುತ್ತವೆ. ಥ್ರಿಲ್ಲರ್ ಹೋಗಿ ಕಾಮಿಡಿ ಆಗುತ್ತದೆ. ಪೂರ್ತಿ ಪದವನ್ನು ಚಿತ್ರವಾಗಿ ಮಾಡಿಕೊಂಡು ಆಮೇಲೆ ಅಲುಗಾಡಿಸಿ.

ಈಗ ನಿಮ್ಮ ಕಥೆ. ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ವಾಕಿಂಗ್‌ಗೆ ಬಂದವಳಿಗೆ ತನ್ನದೇ ಕಳೆದುಹೋದ ಚಪ್ಪಲಿ ಸಿಗುತ್ತದೆ ಅಂದಿರಿ. ಹನ್ನೆರಡು ನಿಮಿಷದ ಚಿತ್ರಕ್ಕೆ ಎರಡು ನಿಮಿಷದ ಟೈಟಲ್ ಯಾವ ಲೆಕ್ಕ? ನೇರ ಕೆರೆಯಿಂದಲೇ ಶುರು ಮಾಡ್ರಿ. ಆಕೆ ಚಪ್ಪಲಿಯಲ್ಲಿ ಕಾಲಿಟ್ಟು, ಅಳತೆ ಸರಿಹೋದಾಗ ಕಟ್ ಮಾಡಿ ಚಿತ್ರದ ಹೆಸರು ಹಾಕ್ರಿ, ಮೂರು ಸೆಕೆಂಡು ಸಾಕು. ಉಳಿದವರ ಹೆಸರೆಲ್ಲ ಕೊನೆಗೆ. ನಿಮ್ಮ ಕ್ಯಾಮೆರಾಮನ್ ಸಿಟ್ಟಾಗುತ್ತಾನೆ, ಆಗಲಿ. ಚಪ್ಪಲಿ ತಂದಿಟ್ಟವನ ಕಾಲು, ಕೈ, ನೆರಳು ಯಾವುದನ್ನೂ ಅಲ್ಲಿಯವರೆಗೆ ತೋರಿಸಬೇಡಿ. ತೋರಿಸಲೇಬೇಕು ಅಂತ ಹಟ ಇದ್ದರೆ ಬೇರೆ ಯಾರದಾದರೂ ಕಾಲು ಬಳಸಿ.